ಒಡೆದ ಮೇಲೂ ಒಡೆಯುವ ಸಭೆ: ಸಂಪ್ರದಾಯನಿಷ್ಠ ಆಂಗ್ಲಿಕನ್ನರ ಒಳಜಗಳ

1978ರ ಜನವರಿ 28ರಂದು ಅಮೆರಿಕದ ಡೆನ್ವರ್ ನಗರದಲ್ಲಿ ಒಂದು ಅಭಿಷೇಕ ನಡೆಯಿತು. ಆಂಗ್ಲಿಕನ್ನರ ಅಮೆರಿಕದ ಶಾಖೆಯಾದ ಎಪಿಸ್ಕೋಪಲ್ ಚರ್ಚಿನಿಂದ ಹೊರಬಂದವರು ತಮ್ಮದೇ ಬಿಷಪ್ಪರನ್ನು ಮಾಡಿಕೊಳ್ಳಲು ಸೇರಿದ್ದರು. ಕಟ್ಟಡ ಮಾತ್ರ ಲೂಥರನ್ನರದು. ಇಂಥ ಅಭಿಷೇಕಕ್ಕೆ ಕನಿಷ್ಠ ಮೂವರು ಬಿಷಪ್ಪರು ಬೇಕೆಂಬುದು ಕ್ರಿ.ಶ. 325ರ ನೈಸಿಯಾ ಸಭೆಯ ಕಟ್ಟಳೆ. ಅಂದು ಬಂದವರು ಇಬ್ಬರೇ: ನಿವೃತ್ತ ಬಿಷಪ್ ಆಲ್ಬರ್ಟ್ ಚೇಂಬರ್ಸ್ ಮತ್ತು ಫಿಲಿಪೀನ್ಸಿನ ಫ್ರಾನ್ಸಿಸ್ಕೊ ಪಗ್ತಖಾನ್. ಕೊರಿಯಾದ ಬಿಷಪ್ ಮಾರ್ಕ್ ಪೇ ಬರಲಿಲ್ಲ, ಅವರ ಒಪ್ಪಿಗೆ ಪತ್ರ ಬಂತು. ಇದ್ದ ಇಬ್ಬರೇ ಚಾರ್ಲ್ಸ್ ಡೋರನ್ ಅವರ ತಲೆಯ ಮೇಲೆ ಕೈಯಿಟ್ಟರು. ಡೋರನ್ ಮೂರನೆಯವರಾಗಿ ನಿಂತು ಉಳಿದವರ ಅಭಿಷೇಕಕ್ಕೆ ಕೈಗೂಡಿಸಿದರು. ಹಳೆಯ ಕಟ್ಟಳೆ ಉಳಿಸಲೆಂದೇ ಮನೆ ಬಿಟ್ಟವರಿಗೆ ಮೊದಲ ದಿನವೇ ಆ ಕಟ್ಟಳೆಯ ಲೆಕ್ಕ ಕೂಡಲಿಲ್ಲ.

ಅವರು ಹೊರಬರಲು ಕಾರಣ 1976ರ ಮಿನಿಯಾಪೊಲಿಸ್ ಮಹಾಸಭೆ. ಅಲ್ಲಿ ಮಹಿಳೆಯರಿಗೆ ಪಾದ್ರಿ ದೀಕ್ಷೆ ಕೊಡಲು ಒಪ್ಪಿಗೆ ಸಿಕ್ಕಿತು. 1928ರ ಪ್ರಾರ್ಥನಾ ಪುಸ್ತಕದ ಜಾಗಕ್ಕೆ ಹೊಸದನ್ನು ತರುವ ದಾರಿಯೂ ತೆರೆಯಿತು. ಮರುವರ್ಷ ಸೇಂಟ್ ಲೂಯಿಸ್‌ನಲ್ಲಿ ನೆರೆದ ಅತೃಪ್ತರು ಒಂದು ಘೋಷಣೆ ಹೊರಡಿಸಿ ಒಂದೇ ಸಭೆ ಕಟ್ಟುವ ಸಂಕಲ್ಪ ಮಾಡಿದರು. ಕೆಲವೇ ವರ್ಷಗಳಲ್ಲಿ ಅದು ಹಲವಾರು ಪಂಗಡಗಳಾಗಿ ಚದುರಿತು. ಅವುಗಳಲ್ಲಿ ನಾಲ್ಕು ಮತ್ತೆ ಕೈಜೋಡಿಸಿದ್ದು 2017ರ ಅಕ್ಟೋಬರಿನಲ್ಲಿ, ಅಟ್ಲಾಂಟಾದಲ್ಲಿ.

ಆಂಗ್ಲಿಕನ್ ಸಂಪ್ರದಾಯನಿಷ್ಠರನ್ನು ಒಂದೇ ಗುಂಪೆಂದು ಎಣಿಸಿದರೆ ಈ ಚರಿತ್ರೆ ಅರ್ಥವಾಗುವುದಿಲ್ಲ. ಅವರಲ್ಲಿ ಆಂಗ್ಲೋ-ಕ್ಯಾಥೊಲಿಕ್ಕರಿಗೆ ಅಪೊಸ್ತಲರಿಂದ ಕೈಯಿಂದ ಕೈಗೆ ಇಳಿದು ಬಂದ ಬಿಷಪ್ ಪರಂಪರೆಯೇ ಸಭೆಯ ಜೀವ. ಇವಾಂಜೆಲಿಕಲ್ಲರಿಗೆ ಬೈಬಲ್ಲೇ ಕೊನೆಯ ಮಾತು. ಧೂಪ, ಪೀಠ, ನಿಲುವಂಗಿಗಳೆಲ್ಲ ಅನುಮಾನದ ವಸ್ತುಗಳು. ಟೆಕ್ಸಾಸಿನ ಫೋರ್ಟ್ ವರ್ತ್ ಡಯಾಸಿಸ್ (ಒಬ್ಬ ಬಿಷಪ್ಪರ ಆಡಳಿತದ ಪ್ರಾಂತ) ಮಹಿಳಾ ಪಾದ್ರಿಗಳನ್ನು ಒಪ್ಪುವುದಿಲ್ಲ, ಆಸ್ಟ್ರೇಲಿಯಾದ ಸಿಡ್ನಿ ಡಯಾಸಿಸ್ಸೂ ಒಪ್ಪುವುದಿಲ್ಲ. ಫೋರ್ಟ್ ವರ್ತ್‌ನ ವಾದ ಪರಂಪರೆಯದು, ಸಿಡ್ನಿಯದು ಪೌಲನ ಪತ್ರಗಳದು. ಅದೇ ಸಿಡ್ನಿಯವರು ಪಾದ್ರಿಯಲ್ಲದವರೂ ಕರ್ತನ ಭೋಜನ ನಡೆಸಬಹುದೆಂದು ದಶಕಗಳಿಂದ ವಾದಿಸುತ್ತ ಬಂದಿದ್ದಾರೆ. ಫೋರ್ಟ್ ವರ್ತ್‌ನವರ ಕಿವಿಗೆ ಅದು ಮಹಿಳಾ ದೀಕ್ಷೆಗಿಂತ ಕಡಿಮೆ ಅಪಚಾರವೇನಲ್ಲ.

ಇವರನ್ನು ಒಂದೇ ಸೂರಿನಡಿ ತಂದದ್ದು ಸಲಿಂಗಕಾಮದ ವಿವಾದ. ಜಗತ್ತಿನ ಆಂಗ್ಲಿಕನ್ ಬಿಷಪ್ಪರು ಸೇರುವ ಲ್ಯಾಂಬೆತ್ ಸಮ್ಮೇಳನದಲ್ಲಿ 1998ರಲ್ಲಿ ಸಲಿಂಗಕಾಮದ ಆಚರಣೆ ಬೈಬಲ್ಲಿಗೆ ಹೊಂದದು ಎಂಬ ನಿರ್ಣಯ 526–70 ಮತಗಳಿಂದ ಗೆದ್ದಿತು. 2003ರಲ್ಲಿ ನ್ಯೂ ಹ್ಯಾಂಪ್‌ಷೈರಿನ ಎಪಿಸ್ಕೋಪಲ್ಲರು ಪುರುಷ ಸಂಗಾತಿಯೊಂದಿಗೆ ಬಾಳುತ್ತಿದ್ದ ಜೀನ್ ರಾಬಿನ್ಸನ್ ಅವರನ್ನೇ ಬಿಷಪ್ ಆಗಿ ಆರಿಸಿದರು. ಅಲ್ಲಿಂದ ಮುಂದೆ ಎಲ್ಲವೂ ವೇಗವಾಯಿತು: 2008ರಲ್ಲಿ ಜೆರುಸಲೇಮಿನಲ್ಲಿ ಸಂಪ್ರದಾಯನಿಷ್ಠ ಆಂಗ್ಲಿಕನ್ನರ ಜಾಗತಿಕ ಕೂಟವಾದ ಗಾಫ್ಕಾನ್‌ನ ಸಮಾವೇಶ, 2009ರಲ್ಲಿ ‘ಆಂಗ್ಲಿಕನ್ ಚರ್ಚ್ ಇನ್ ನಾರ್ತ್ ಅಮೆರಿಕ’ದ ಸ್ಥಾಪನೆ. ಆಸ್ತಿಗಾಗಿ ಕೋರ್ಟು ಕಚೇರಿ ಅಲೆದಾಟ ಬೇರೆ. ವರ್ಜೀನಿಯಾದ ಚಾರಿತ್ರಿಕ ಫಾಲ್ಸ್ ಚರ್ಚ್ ಕಟ್ಟಡವನ್ನು ಹೊರನಡೆದವರು ಕಳೆದುಕೊಂಡರು. ಫೋರ್ಟ್ ವರ್ತ್‌ನವರು 2020ರಲ್ಲಿ ಟೆಕ್ಸಾಸಿನ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು.

ಉತ್ತರ ಅಮೆರಿಕದ ಈ ಹೊಸ ಸಭೆಯ ಒಳಗೆ ಯಾರ್ಯಾರಿದ್ದರು ಎಂಬುದು ಸ್ವಾರಸ್ಯಕರ. ಆಂಗ್ಲೋ-ಕ್ಯಾಥೊಲಿಕ್ ಪೂಜಾಡಂಬರ ಸಹಿಸದೆ 1873ರಲ್ಲೇ ಎಪಿಸ್ಕೋಪಲ್ ಚರ್ಚು ಬಿಟ್ಟ ರಿಫಾರ್ಮ್ಡ್ ಎಪಿಸ್ಕೋಪಲ್ ಚರ್ಚು ಒಂದು ಬದಿಗೆ. ಆ ಆಡಂಬರವನ್ನೇ ಹೆಮ್ಮೆಯಿಂದ ಸಾಕಿದ ಫೋರ್ಟ್ ವರ್ತ್ ಇನ್ನೊಂದು ಬದಿಗೆ. ನಡುವೆ ಮಹಿಳೆಯರಿಗೆ ದೀಕ್ಷೆ ಕೊಡುವ ಡಯಾಸಿಸ್‌ಗಳು. ಹಾಗಾಗಿ ಸಂವಿಧಾನ ಬರೆದವರು ಜಾಣತನ ತೋರಿದರು: ಮಹಿಳಾ ಬಿಷಪ್ ಬೇಡ, ಪಾದ್ರಿಗಳ ವಿಷಯ ಆಯಾ ಡಯಾಸಿಸ್ಸಿಗೆ ಬಿಟ್ಟದ್ದು.

ಜಾಣತನಕ್ಕೆ ಆಯುಸ್ಸು ಕಡಿಮೆ. ಐದು ವರ್ಷಗಳ ಅಧ್ಯಯನದ ಬಳಿಕ 2017ರ ಸೆಪ್ಟೆಂಬರಿನಲ್ಲಿ ಈ ಸಭೆಯ ಬಿಷಪ್ಪರೆಲ್ಲ ಕೆನಡಾದ ವಿಕ್ಟೋರಿಯಾದಲ್ಲಿ ಕೂತರು. ಮಹಿಳಾ ದೀಕ್ಷೆ ಇತ್ತೀಚಿನ ಹೊಸತನ, ಅದನ್ನು ಇಡೀ ಸಭೆಯ ರೂಢಿಯಾಗಿಸಲು ಶಾಸ್ತ್ರದ ಆಧಾರ ಸಾಲದು ಎಂದು ಬರೆದರು. ಆದರೆ ನಡೆಯುತ್ತಿರುವುದನ್ನು ನಿಲ್ಲಿಸಲಿಲ್ಲ. ಎರಡೂ ಕಡೆಯವರು ಮುನಿಸಿಕೊಂಡರು. ಫೋರ್ಟ್ ವರ್ತ್ ಬಿಷಪ್ ಜಾಕ್ ಐಕರ್ ಅಂತೂ ಮಹಿಳೆಯರಿಗೆ ದೀಕ್ಷೆ ಕೊಡುವ ಡಯಾಸಿಸ್‌ಗಳೊಂದಿಗೆ ತಮ್ಮ ಸಂಬಂಧಕ್ಕೆ ಧಕ್ಕೆ ಬಂದಿದೆ ಎಂದು ಬಹಿರಂಗವಾಗಿಯೇ ಸಾರಿದರು.

ಆಫ್ರಿಕದಲ್ಲೂ ಇದೇ ಬಿರುಕು. ಉಗಾಂಡದಲ್ಲಿ 1980ರ ದಶಕದಿಂದಲೇ ಮಹಿಳಾ ಪಾದ್ರಿಗಳಿದ್ದಾರೆ. ನೈಜೀರಿಯಾ ಅದಕ್ಕೆ ಒಪ್ಪಿಲ್ಲ. ಹೊಸ ಮಹಿಳಾ ಬಿಷಪ್ಪರು ಬೇಡವೆಂದು ಗಾಫ್ಕಾನ್ ಮುಖ್ಯಸ್ಥರು ತಾವೇ ತಡೆ ಹಾಕಿಕೊಂಡಿದ್ದರೂ 2021ರಲ್ಲಿ ಕೀನ್ಯಾ ರೋಸ್ ಒಕೆನೊ ಅವರನ್ನು ಬುಟೆರೆಯ ಬಿಷಪ್ ಆಗಿ ಅಭಿಷೇಕಿಸಿತು. ಪಾಶ್ಚಾತ್ಯ ಉದಾರವಾದಕ್ಕೆ ಎದುರಾಗಿ ನಿಂತ ಏಕಶಿಲೆಯಂಥ ಆಫ್ರಿಕ ಎಂಬ ಚಿತ್ರ ಪತ್ರಿಕೆಗಳಿಗೆ ಅನುಕೂಲದ್ದು, ಅಷ್ಟೇ.

ದಕ್ಷಿಣ ಭಾರತದವರಿಗೆ ಈ ಕಥೆಯ ಹಿಂದಿನ ಅಧ್ಯಾಯವೊಂದು ಪರಿಚಿತ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್ನರು, ಮೆಥೊಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್ಲರು ಕೂಡಿ ಕಟ್ಟಿದ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಇಂದು ಕರ್ನಾಟಕದಲ್ಲೇ ಮೂರು ಡಯಾಸಿಸ್‌ಗಳನ್ನು ಹೊಂದಿದೆ. ಬಿಷಪ್ಪರ ಕೈಯಿಂದ ದೀಕ್ಷೆ ಪಡೆಯದ ಪಾದ್ರಿಗಳನ್ನೂ ಅದು ಹಾಗೆಯೇ ಒಳಗೆ ತಂದದ್ದು ಇಂಗ್ಲೆಂಡಿನ ಆಂಗ್ಲೋ-ಕ್ಯಾಥೊಲಿಕ್ಕರಿಗೆ ಸಹಿಸಲಾಗದ ಸಂಗತಿ. ಕವಿ ಟಿ.ಎಸ್. ಎಲಿಯಟ್ 1943ರಲ್ಲೇ ಈ ಯೋಜನೆಯ ವಿರುದ್ಧ ಕಿರುಹೊತ್ತಗೆ ಬರೆದಿದ್ದರು. ಆಂಧ್ರದ ನಂದ್ಯಾಲ ಭಾಗದ ಆಂಗ್ಲಿಕನ್ನರಲ್ಲಿ ಅನೇಕರು ಒಕ್ಕೂಟಕ್ಕೆ ಸೇರದೆ ಹೊರಗುಳಿದರು, ಅವರು ಸಿ.ಎಸ್.ಐ.ಗೆ ಬಂದದ್ದು 1975ರಲ್ಲಿ. ಅದೇ ನಂದ್ಯಾಲಕ್ಕೆ 2013ರಲ್ಲಿ ಇ. ಪುಷ್ಪಲಲಿತಾ ಬಿಷಪ್ ಆದರು. ಸಿ.ಎಸ್.ಐ.ಯ ಮೊದಲ ಮಹಿಳಾ ಬಿಷಪ್ ಅವರು.

2025ರ ಅಕ್ಟೋಬರ್ 3ರಂದು ಸಾರಾ ಮಲ್ಲಲ್ಲಿ ಅವರನ್ನು ಆಂಗ್ಲಿಕನ್ನರ ಹಿರಿಯ ಪೀಠವಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಹುದ್ದೆಗೆ ಹೆಸರಿಸಲಾಯಿತು. ಆ ಪೀಠಕ್ಕೆ ಮಹಿಳೆಯೊಬ್ಬರು ಬಂದದ್ದು ಇದೇ ಮೊದಲು. ಎರಡು ವಾರ ಕಳೆಯುವ ಮೊದಲೇ ಗಾಫ್ಕಾನ್ ಅಧ್ಯಕ್ಷ, ರುವಾಂಡದ ಲಾರೆಂಟ್ ಎಂಬಾಂಡ ಅವರು ಕ್ಯಾಂಟರ್ಬರಿಯ ಹಂಗು ತೊರೆದು, ನಿಜವಾದ ಆಂಗ್ಲಿಕನ್ ಒಕ್ಕೂಟ ತಮ್ಮದೇ ಎಂದು ಘೋಷಿಸಿದರು. ಗಾಫ್ಕಾನ್‌ಗೆ ತಳಹದಿ 2008ರ ಜೆರುಸಲೇಮ್ ಘೋಷಣೆ. ಅದರ 14 ಅಂಶಗಳಲ್ಲಿ ಮಹಿಳಾ ದೀಕ್ಷೆಯ ಹೆಸರೇ ಇಲ್ಲ. ಗೌಣ ವಿಷಯಗಳಲ್ಲಿ ಸ್ವಾತಂತ್ರ್ಯವಿದೆ ಎಂದು 12ನೆಯ ಅಂಶ ಹೇಳುತ್ತದೆ. ಯಾವುದು ಗೌಣ, ಅದನ್ನು ತೀರ್ಮಾನಿಸುವವರು ಯಾರು ಎಂಬುದನ್ನು ಹೇಳುವುದಿಲ್ಲ. ಸಂಪ್ರದಾಯನಿಷ್ಠರ ಮುಂದಿನ ಒಡಕು ಕ್ಯಾಂಟರ್ಬರಿಯಿಂದಲ್ಲ, ಈ ಪ್ರಶ್ನೆಯಿಂದಲೇ ಹುಟ್ಟುವ ಸಂಭವ ಹೆಚ್ಚು.