ಕೊಳವೆಯ ಉದ್ದ ಮತ್ತು ನೊರೆ: ಮನೆಯ ಕೆಗ್ ಬಿಯರಿನ ಒಂದು ಪರಿಶೀಲನೆ

ಅಮೆರಿಕದಲ್ಲಿ ಮನೆಬಳಕೆಗೆ ಬಿಯರ್ ತಯಾರಿಸುವವರಿಗೆ ಒಕ್ಕೂಟ ಸರ್ಕಾರದ ತೆರಿಗೆ ವಿನಾಯಿತಿ ದೊರೆತದ್ದು 1978ರ ಕಾಯ್ದೆಯಿಂದ. ತಂಪು ಪಾನೀಯದ ಉದ್ಯಮ ಬಳಸಿ ಬಿಟ್ಟ ಸುಮಾರು 19 ಲೀಟರಿನ ಉಕ್ಕಿನ ಕೆಗ್‌ಗಳು ಮುಂದೆ ಈ ಹವ್ಯಾಸಿಗಳ ಕೈಸೇರಿದವು. ಹಳೆಯ ಫ್ರಿಜ್ಜಿನೊಳಗೆ ಕೆಗ್, ಪಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ಬಾಗಿಲಿಗೊಂದು ನಲ್ಲಿ. ಇಷ್ಟಿದ್ದರೆ ಮನೆಯೇ ಪಬ್ಬು. ನೊರೆಯ ತಕರಾರೂ ಅಲ್ಲಿಂದಲೇ ಶುರು. ಮುಕ್ಕಾಲು ಗ್ಲಾಸು ನೊರೆಯೇ ತುಂಬಿದಾಗ ಹಲವರು ರೆಗ್ಯುಲೇಟರ್ ತಿರುಗಿಸಿ ಒತ್ತಡ ಇಳಿಸುತ್ತಾರೆ. ಈ ಮದ್ದು ರೋಗವನ್ನೇ ಬೆಳೆಸುತ್ತದೆಂಬುದು ಇಲ್ಲಿನ ವಾದ.

ದ್ರವದಲ್ಲಿ ಕರಗುವ ಅನಿಲದ ಪ್ರಮಾಣ ಅದರ ಮೇಲಿರುವ ಆ ಅನಿಲದ ಒತ್ತಡವನ್ನು ಅನುಸರಿಸುತ್ತದೆ ಎಂಬುದು ವಿಲಿಯಂ ಹೆನ್ರಿ 1803ರಲ್ಲಿ ಪ್ರಕಟಿಸಿದ ನಿಯಮ. ಸುಮಾರು 3 ಡಿಗ್ರಿ ಸೆಲ್ಸಿಯಸ್‌ನಲ್ಲಿ 12 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್) ಒತ್ತಡಕ್ಕೆ ಒಗ್ಗಿದ ಬಿಯರ್ ತನ್ನ ಗಾತ್ರದ ಸುಮಾರು 2.6 ಪಟ್ಟು ಅನಿಲವನ್ನು ಹಿಡಿದಿಡುತ್ತದೆ. ಒತ್ತಡವನ್ನು 5ಕ್ಕೆ ಇಳಿಸಿದೊಡನೆ ಹೆಚ್ಚಾದ ಅನಿಲ ಹೊರಬರಲು ದಾರಿ ಹುಡುಕುತ್ತದೆ. ಕೆಗ್‌ನಿಂದ ನಲ್ಲಿಗೆ ಬಿಯರ್ ಒಯ್ಯುವ ಕೊಳವೆಯಲ್ಲೇ ಗುಳ್ಳೆಗಳು ಕಟ್ಟಿ, ನಲ್ಲಿ ತಿರುಗಿಸಿದಾಗ ಉಗುಳಿದಂತೆ ನೊರೆ ಬರುತ್ತದೆ. ದಿನ ಕಳೆದಂತೆ ಬಿಯರೂ ಸಪ್ಪೆಯಾಗುತ್ತದೆ. ಆದ್ದರಿಂದ ಒತ್ತಡವನ್ನು ಮುಟ್ಟದೆ, ಅದು ನಲ್ಲಿ ಮುಟ್ಟುವ ಮುನ್ನವೇ ಕರಗುವಂತೆ ಮಾಡಬೇಕು. ಆ ಕೆಲಸ ಮಾಡುವುದು ಕೊಳವೆಯ ಘರ್ಷಣೆ. ಸುಮಾರು 5 ಮಿಲಿಮೀಟರ್ ಒಳವ್ಯಾಸದ ಕೊಳವೆ ಅಡಿಗೆ 2ರಿಂದ 3 ಪಿಎಸ್‌ಐ ತಿನ್ನುತ್ತದೆಂಬ ಲೆಕ್ಕ ಹಿಡಿದರೆ 5 ಅಡಿ ಸಾಕೆನಿಸುತ್ತದೆ. ಆದರೆ ಘರ್ಷಣೆ ಕೊಳವೆಗೆ ಅಂಟಿದ ಸ್ಥಿರಗುಣವಲ್ಲ, ಹರಿವಿನ ವೇಗದೊಂದಿಗೆ ಏರಿಳಿಯುತ್ತದೆ. ಆ ಲೆಕ್ಕ ನಿಮಿಷಕ್ಕೆ ಒಂದು ಗ್ಯಾಲನ್ ಸುರಿಯುವ ಬಾರಿನದು. ನಿಧಾನವಾಗಿ ಸುರಿಯಬೇಕೆಂದರೆ 10 ಅಡಿಯಾದರೂ ಬೇಕು.

ಉದ್ದ ಕೊಳವೆಯಿಂದ ಗ್ಲಾಸು ತುಂಬುವುದು ತಡವಾಗುತ್ತದೆಂಬ ಆಕ್ಷೇಪ ನಿಜವೇ. ಉದ್ದ ಇಮ್ಮಡಿಯಾದರೆ ಹರಿವು ಸುಮಾರು ಮೂರನೇ ಎರಡಕ್ಕೆ ಇಳಿಯುತ್ತದೆ. ಎಂಟು ಸೆಕೆಂಡಿನ ಪಿಂಟ್‌ಗೆ ಹನ್ನೆರಡು ಸೆಕೆಂಡು. ಸಾಲುಗಟ್ಟಿ ನಿಂತ ಗಿರಾಕಿಗಳಿರುವ ಬಾರಿಗೆ ಇದು ನಷ್ಟ, ಮನೆಗಲ್ಲ. ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು: ಕೊಳವೆ ಎಷ್ಟು ಉದ್ದವಿದ್ದರೂ ಮೊದಲ ಗ್ಲಾಸು ನೊರೆಯೇ ಆಗುವುದುಂಟು. ಫ್ರಿಜ್ಜಿನ ಮೇಲೆ ನಲ್ಲಿಯ ಕಂಬವಿರುವ ಕಡೆ ಇದು ಸಾಮಾನ್ಯ. ಕಂಬದೊಳಗೆ ನಿಂತ ಬಿಯರ್ 10 ಡಿಗ್ರಿಗೆ ಬಿಸಿಯಾದರೆ ಅಷ್ಟೇ ಅನಿಲವನ್ನು ಹಿಡಿದಿಡಲು 18ಕ್ಕೂ ಹೆಚ್ಚು ಪಿಎಸ್‌ಐ ಬೇಕು, ಇರುವುದು ಹನ್ನೆರಡೇ. ಇಲ್ಲಿ ಉದ್ದ ಕೊಳವೆ ಸೋಲುತ್ತದೆ; ಫ್ರಿಜ್ಜಿನ ತಂಪು ಗಾಳಿಯನ್ನು ಕಂಬದೊಳಕ್ಕೆ ತಳ್ಳುವ ಪುಟ್ಟ ಫ್ಯಾನೇ ಬೇಕಾಗುತ್ತದೆ.