ಬೈಕ್ ರೇಸ್‌ಗೆ ಹೆಸರು ಕೊಡುವ ಮುನ್ನ: ಯಾವ ಸಂಘಟಕರು, ಯಾವ ತಾರೀಖು? ಕರಾವಳಿಯ ಹವ್ಯಾಸಿ ಸವಾರರ ಲೆಕ್ಕಾಚಾರ ಇಲ್ಲಿದೆ

ಉಡುಪಿ: ಕಂಬಳದ ದಿನಪಟ್ಟಿ ಹೊರಬಿದ್ದ ಕೂಡಲೇ ಕೋಣದ ಯಜಮಾನರು ಕ್ಯಾಲೆಂಡರ್ ಹಿಡಿದು ಕೂರುತ್ತಾರೆ. ಯಾವ ಕರೆಗೆ ಹೋಗುವುದು, ಯಾವ ವಾರ ಕೋಣಗಳಿಗೆ ವಿಶ್ರಾಂತಿ, ಎಲ್ಲಿ ತೀರ್ಪು ಸರಿ ಇರುತ್ತದೆ, ಎಲ್ಲಿ ವ್ಯವಸ್ಥೆ ಚೆನ್ನಾಗಿದೆ ಎಂಬ ಲೆಕ್ಕಾಚಾರ ಶುರುವಾಗುತ್ತದೆ. ಬೈಕ್ ರೇಸ್‌ನ ಹುಚ್ಚು ಹತ್ತಿಸಿಕೊಂಡ ನಮ್ಮೂರ ಹುಡುಗ ಹುಡುಗಿಯರದ್ದೂ ಹೆಚ್ಚುಕಡಿಮೆ ಇದೇ ಕಥೆ. ವ್ಯತ್ಯಾಸ ಒಂದೇ. ಕಂಬಳದ ಕರೆ ಮನೆ ಹತ್ತಿರ ಉಂಟು, ರೇಸ್ ಟ್ರ್ಯಾಕ್ ಘಟ್ಟದ ಆಚೆ, ರಾಜ್ಯದ ಆಚೆ ಉಂಟು.

ಉಡುಪಿಯ ಕೆ.ಪಿ. ಅರವಿಂದ್ ಡಕಾರ್ ರ‍್ಯಾಲಿ ಮುಗಿಸಿ ಬಂದ ಮೇಲೆ (2019ರಲ್ಲಿ ಒಟ್ಟಾರೆ 37ನೇ ಸ್ಥಾನ) "ನಾನೂ ರೇಸ್ ಮಾಡ್ಬೇಕು" ಎನ್ನುವವರು ನಮ್ಮ ಜಿಲ್ಲೆಯಲ್ಲಿ ಹೆಚ್ಚಾಗಿದ್ದಾರೆ. ಆದರೆ ಎಲ್ಲಿಂದ ಶುರು ಮಾಡುವುದು, ಯಾರಲ್ಲಿ ಹೆಸರು ಕೊಡುವುದು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ವರ್ಷವಿಡೀ ದುಡಿದು ಕೂಡಿಟ್ಟ ಹಣದಲ್ಲಿ ಎರಡೋ ಮೂರೋ ರೇಸ್ ಓಡಿಸುವ ಹವ್ಯಾಸಿ ಸವಾರರು ಒಂದು ಸಂಘಟನೆಯನ್ನು ಬಿಟ್ಟು ಇನ್ನೊಂದನ್ನು ಯಾಕೆ ಆರಿಸಿಕೊಳ್ಳುತ್ತಾರೆ ಎಂಬುದರ ವಿವರ ಇಲ್ಲಿದೆ.

ಮೊದಲು ಗೊತ್ತಿರಬೇಕಾದ್ದು: ರೇಸ್ ಅಂದರೆ ಒಂದೇ ಬಗೆ ಅಲ್ಲ

ನಮ್ಮ ದೇಶದಲ್ಲಿ ಹವ್ಯಾಸಿಗಳು ಇಳಿಯುವ ಬೈಕ್ ಸ್ಪರ್ಧೆಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ.

ಸರ್ಕ್ಯೂಟ್ ರೇಸ್: ಡಾಂಬರು ಹಾಕಿದ ಟ್ರ್ಯಾಕ್‌ನಲ್ಲಿ ಎಲ್ಲರೂ ಒಟ್ಟಿಗೆ ಹೊರಟು ನಿಗದಿತ ಸುತ್ತು ಮುಗಿಸುವುದು.

ಡರ್ಟ್ ಟ್ರ್ಯಾಕ್ ಮತ್ತು ಸೂಪರ್‌ಕ್ರಾಸ್: ಮಣ್ಣಿನ ಟ್ರ್ಯಾಕ್, ದಿಬ್ಬ, ಜಿಗಿತ. ಬೆಂಗಳೂರು, ಮೈಸೂರು ಕಡೆ ಇದಕ್ಕೆ ಹಳೆಯ ಅಭಿಮಾನಿಗಳಿದ್ದಾರೆ. ಅರವಿಂದ್ ಹೆಸರು ಮಾಡಿದ್ದೂ ಮೊದಲು ಮಣ್ಣಿನಲ್ಲೇ.

ರ‍್ಯಾಲಿ: ಒಬ್ಬೊಬ್ಬರನ್ನೇ ಅಂತರ ಬಿಟ್ಟು ಕಳಿಸುತ್ತಾರೆ. ಗಡಿಯಾರದ ವಿರುದ್ಧ ಓಟ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಈ ದಾರಿಯಲ್ಲೇ ಹೋಗಿ 2019ರಲ್ಲಿ ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು.

ಡ್ರ್ಯಾಗ್ ರೇಸ್: ನೇರ ದಾರಿಯಲ್ಲಿ 402 ಮೀಟರ್, ಅಂದರೆ ಕಾಲು ಮೈಲಿ. ಕೆಲವೇ ಸೆಕೆಂಡಿನ ಆಟ. ಬೆಂಗಳೂರಿನ ಹೇಮಂತ್ ಮುದ್ದಪ್ಪ ಇದರಲ್ಲಿ ಹಲವು ಬಾರಿ ರಾಷ್ಟ್ರೀಯ ಚಾಂಪಿಯನ್.

ಯಾವ ಬಗೆ ಎಂದು ತೀರ್ಮಾನವಾದರೆ ಅರ್ಧ ಸಂಘಟಕರು ಪಟ್ಟಿಯಿಂದ ತಾನಾಗಿಯೇ ಬಿಟ್ಟು ಹೋಗುತ್ತಾರೆ. ಉಳಿದವರ ಪೈಕಿ ಯಾರು ಎಂಬುದು ಮುಂದಿನ ಪ್ರಶ್ನೆ.

ಟ್ರ್ಯಾಕ್ ಎಲ್ಲಿ ಉಂಟು, ಹೋಗುವುದು ಹೇಗೆ?

ಸರ್ಕ್ಯೂಟ್ ರೇಸ್ ಮಾಡಬೇಕಾದರೆ ದಕ್ಷಿಣದವರಿಗೆ ಮುಖ್ಯವಾಗಿ ಎರಡು ಊರು. ಒಂದು, ಚೆನ್ನೈ ಹೊರವಲಯದ ಇರುಂಗಾಟ್ಟುಕೋಟ್ಟೈಯಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಈ ಟ್ರ್ಯಾಕ್ 1990ರಿಂದ ಇದೆ. ಒಂದು ಸುತ್ತಿಗೆ 3.7 ಕಿ.ಮೀ. ಇನ್ನೊಂದು, ಕೊಯಮತ್ತೂರು ಬಳಿ ಚೆಟ್ಟಿಪಾಳಯಂನ ಕಾರಿ ಮೋಟಾರ್ ಸ್ಪೀಡ್‌ವೇ. ಇದು ಚಿಕ್ಕದು, ಸುಮಾರು 2.1 ಕಿ.ಮೀ. 2023ರ ಸೆಪ್ಟೆಂಬರ್‌ನಲ್ಲಿ ಮೋಟೋಜಿಪಿ ನಡೆದ ಬುದ್ಧ್ ಸರ್ಕ್ಯೂಟ್ ಇರುವುದು ದೆಹಲಿ ಹತ್ತಿರದ ಗ್ರೇಟರ್ ನೋಯ್ಡಾದಲ್ಲಿ. ಉಡುಪಿಯಿಂದ ಅಲ್ಲಿಗೆ ಬೈಕ್ ಸಾಗಿಸುವ ಖರ್ಚಿನಲ್ಲಿ ಇಲ್ಲಿ ಇನ್ನೊಂದು ರೇಸ್‌ಗೆ ದಾರಿಯಾಗುತ್ತದೆ.

ನಮ್ಮವರಿಗೆ ದೂರವೇ ದೊಡ್ಡ ಲೆಕ್ಕ. ಮಂಗಳೂರಿನಿಂದ ಚೆನ್ನೈ ಮೇಲ್ ರೈಲಿನಲ್ಲಿ ಸುಮಾರು 16 ಗಂಟೆ. ಬೈಕನ್ನು ರೈಲ್ವೆ ಪಾರ್ಸೆಲ್‌ನಲ್ಲಿ ಕಳಿಸುವುದಾದರೆ ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಬೇಕು, ಆರ್‌ಸಿ ಮತ್ತು ಗುರುತಿನ ಚೀಟಿಯ ನಕಲು ಕೊಡಬೇಕು. ನಾಲ್ಕೈದು ಜನ ಸೇರಿ ಒಂದು ಪಿಕಪ್ ಮಾಡಿಕೊಂಡರೆ ಬೈಕ್, ಟೂಲ್ಸ್, ಟಯರ್ ಎಲ್ಲ ಒಟ್ಟಿಗೆ ಹೋಗ್ತದೆ. ಆದ್ದರಿಂದಲೇ ಒಂದೇ ಊರಿನ ಸವಾರರು ಹೆಚ್ಚಾಗಿ ಒಂದೇ ಸಂಘಟಕರ ರೇಸ್‌ನಲ್ಲಿ ಕಾಣಿಸಿಕೊಳ್ಳುತ್ತಾರೆ. ಅದರಲ್ಲಿ ಅಭಿಮಾನಕ್ಕಿಂತ ಹೆಚ್ಚು ಕೆಲಸ ಮಾಡುವುದು ಗಾಡಿ ಬಾಡಿಗೆಯ ಪಾಲು.

ಬೈಕ್ ಕಂಪನಿಯದ್ದೋ, ನಮ್ಮದೋ?

ಇದು ಎರಡನೇ ಪ್ರಶ್ನೆ. ಉತ್ತರಕ್ಕೆ ತಕ್ಕಂತೆ ದಾರಿ ಎರಡಾಗುತ್ತದೆ.

ಮೊದಲನೆಯದು ಒನ್ ಮೇಕ್ ಚಾಂಪಿಯನ್‌ಶಿಪ್. ಎಲ್ಲರಿಗೂ ಒಂದೇ ಮಾದರಿಯ ಬೈಕ್, ಒಂದೇ ಬಗೆಯ ಟಯರ್. ಬೈಕ್ ಕೊಡುವುದು ಕಂಪನಿ. ಟಿವಿಎಸ್ ಇಂಥ ಸ್ಪರ್ಧೆಯನ್ನು 1994ರಿಂದ ನಡೆಸುತ್ತಿದೆ. ಹೋಂಡಾದ ಟ್ಯಾಲೆಂಟ್ ಕಪ್ 2018ರಲ್ಲಿ ಶುರುವಾಯಿತು, ಅದರ ಕಣ್ಣು ಮುಖ್ಯವಾಗಿ ಎಳೆಯರ ಮೇಲೆ. ರಾಯಲ್ ಎನ್‌ಫೀಲ್ಡ್‌ನ 650 ಸಿಸಿ ಕಾಂಟಿನೆಂಟಲ್ ಜಿಟಿ ಕಪ್ 2021ರಿಂದ ಇದೆ. ಸ್ವಂತ ರೇಸ್ ಬೈಕ್, ಮೆಕ್ಯಾನಿಕ್ ಇಲ್ಲದವನಿಗೂ ಇಲ್ಲಿ ಬಾಗಿಲು ತೆರೆದಿರುತ್ತದೆ. "ಅವನ ಬೈಕ್ ಜೋರಿತ್ತು" ಎಂಬ ನೆಪಕ್ಕೂ ಜಾಗ ಇಲ್ಲ. ಆದರೆ ಸೀಟು ಕಡಿಮೆ. ಆಯ್ಕೆ ಸುತ್ತಿನಲ್ಲಿ ಸಮಯ ಸಾಧಿಸದಿದ್ದರೆ ಮನೆಗೆ. ವಯಸ್ಸಿನ ಮಿತಿಯೂ ಇರಬಹುದು.

ಎರಡನೆಯದು ಸ್ವಂತ ಬೈಕ್ ಅಥವಾ ಖಾಸಗಿ ತಂಡದ ಬೈಕ್‌ನಲ್ಲಿ ಓಡಿಸುವುದು. ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ 165 ಸಿಸಿವರೆಗಿನ ವಿಭಾಗ, 301ರಿಂದ 400 ಸಿಸಿ ವಿಭಾಗ, ಹೊಸಬರಿಗೆ ನೋವಿಸ್, ಹುಡುಗಿಯರಿಗೆ ಪ್ರತ್ಯೇಕ ವಿಭಾಗ ಎಂದೆಲ್ಲ ಇರುತ್ತವೆ. ರ‍್ಯಾಲಿ ಕಡೆ ಹೋದರೆ ಸ್ಕೂಟರ್‌ಗೂ ಬೇರೆ ವಿಭಾಗ ಉಂಟು. ಮನೆಯಲ್ಲಿರುವ ಬೈಕ್ ಯಾವ ವಿಭಾಗಕ್ಕೆ ಸರಿಹೊಂದುತ್ತದೆ ಎಂಬುದರ ಮೇಲೆಯೇ ಎಷ್ಟೋ ಜನ ಸಂಘಟಕರನ್ನು ಆರಿಸುತ್ತಾರೆ. ಒಂದು ರೇಸ್‌ಗಾಗಿ ಹೊಸ ಬೈಕ್ ಕೊಳ್ಳುವುದು ಹವ್ಯಾಸಿಗೆ ಆಗುವ ಮಾತಲ್ಲ.

ಎರಡೂ ದಾರಿಯಲ್ಲಿ ಮೊದಲೇ ಕೇಳಬೇಕಾದ ಒಂದು ಮಾತು: ಬಿದ್ದು ಬೈಕ್ ಹಾಳಾದರೆ ರಿಪೇರಿ ಖರ್ಚು ಯಾರದ್ದು? ಶುಲ್ಕ ಕಡಿಮೆ ಎಂದು ಹೋಗಿ, ಒಂದು ತಿರುವಿನಲ್ಲಿ ಬಿದ್ದು, ಶುಲ್ಕಕ್ಕಿಂತ ದೊಡ್ಡ ಬಿಲ್ ಹಿಡಿದು ಬರುವ ಪರಿಸ್ಥಿತಿ ಬಾರದಿರಲಿ.

ಕ್ಯಾಲೆಂಡರ್ ಯಾಕೆ ಇಷ್ಟು ಮುಖ್ಯ?

ಹವ್ಯಾಸಿ ಅಂದರೆ ಬೇರೆ ಕೆಲಸ ಇರುವವನು. ಒಂದು ರೇಸ್ ವಾರಾಂತ್ಯದಲ್ಲಿ ಸಾಮಾನ್ಯವಾಗಿ ಶುಕ್ರವಾರ ಅಭ್ಯಾಸ, ಶನಿವಾರ ಅರ್ಹತಾ ಸುತ್ತು ಮತ್ತು ಮೊದಲ ರೇಸ್, ಭಾನುವಾರ ಉಳಿದ ರೇಸ್. ಕರಾವಳಿಯವರಿಗೆ ಗುರುವಾರ ಹೊರಡದೆ ಆಗುವುದಿಲ್ಲ, ಸೋಮವಾರಕ್ಕೆ ಮೊದಲು ಮನೆ ಸೇರುವುದಿಲ್ಲ. ಅಂದರೆ ಒಂದು ರೇಸ್‌ಗೆ ಮೂರು ರಜೆ. ನಾಲ್ಕು ಸುತ್ತಿನ ಚಾಂಪಿಯನ್‌ಶಿಪ್‌ಗೆ ಹನ್ನೆರಡು. ಗ್ಯಾರೇಜಿನಲ್ಲಿ ದುಡಿಯುವವನಿಗೆ ಅದು ಹನ್ನೆರಡು ದಿನದ ಸಂಬಳ. ವಿದ್ಯಾರ್ಥಿಗಳಿಗೆ ಇಂಟರ್ನಲ್ಸ್, ಸೆಮಿಸ್ಟರ್ ಪರೀಕ್ಷೆ ಅಡ್ಡ ಬರ್ತದೆ.

ಇದರ ಮೇಲೆ ನಮ್ಮ ಮಳೆ. ಸರ್ಕ್ಯೂಟ್ ರೇಸ್‌ನ ಹೆಚ್ಚಿನ ಸುತ್ತುಗಳು ಬರುವುದು ವರ್ಷದ ಮಧ್ಯದಿಂದ ಅಕ್ಟೋಬರ್ ತನಕ. ಅಕ್ಟೋಬರ್ ನಂತರ ಚೆನ್ನೈಗೆ ಈಶಾನ್ಯ ಮಾರುತದ ಮಳೆ. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಜಡಿಮಳೆ. ಅಭ್ಯಾಸಕ್ಕೆ ಒಣ ನೆಲ ಇಲ್ಲ, ಶಿರಾಡಿಯಲ್ಲಿ ಗುಡ್ಡ ಕುಸಿದರೆ ಪಿಕಪ್ ದಾರಿಯಲ್ಲೇ ಬಾಕಿ. ಹಾಗಾಗಿ ಕರಾವಳಿಯ ಹಲವರು ಮಳೆಗಾಲದ ಸರ್ಕ್ಯೂಟ್ ಸುತ್ತುಗಳನ್ನು ಬಿಟ್ಟು, ಮಳೆ ನಿಂತ ಮೇಲೆ ಬರುವ ಡರ್ಟ್ ಮತ್ತು ರ‍್ಯಾಲಿ ಸ್ಪರ್ಧೆಗಳತ್ತ ವಾಲುತ್ತಾರೆ.

ಸವಾರರು ಸಂಘಟಕರನ್ನು ಅಳೆಯುವುದೂ ಇಲ್ಲಿಯೇ. ದಿನಾಂಕವನ್ನು ತಿಂಗಳುಗಟ್ಟಲೆ ಮೊದಲು ಹೇಳಿ ಅದರಂತೆ ನಡೆಸುವವರ ಬಳಿ ಜನ ಮತ್ತೆ ಹೋಗುತ್ತಾರೆ. ಹತ್ತು ದಿನ ಇರುವಾಗ "ಮುಂದಕ್ಕೆ ಹಾಕಿದ್ದೇವೆ" ಎನ್ನುವವರ ಬಳಿ ಹೋಗುವುದಿಲ್ಲ. ರೈಲು ಟಿಕೆಟ್ ರದ್ದು ಮಾಡಿದ ನಷ್ಟವನ್ನು ಯಾರೂ ತುಂಬಿಕೊಡುವುದಿಲ್ಲವಲ್ಲ!

ಪಾಯಿಂಟ್‌ಗಾಗಿ ಓಡುವವರಿಗೆ ಇನ್ನೊಂದು ಕಷ್ಟ. ಸುತ್ತುಗಳೇ ನಾಲ್ಕೈದು ಇರುವಾಗ ಒಂದು ತಪ್ಪಿಸಿದರೂ ಪಟ್ಟಿಯಲ್ಲಿ ಕೆಳಗೆ ಬೀಳುತ್ತಾರೆ. ಆದ್ದರಿಂದ ಎರಡು ಚಾಂಪಿಯನ್‌ಶಿಪ್‌ಗಳಿಗೆ ಅರ್ಧರ್ಧ ಹೋಗುವುದಕ್ಕಿಂತ ಒಂದನ್ನೇ ಪೂರ್ತಿ ಮಾಡುವುದು ಒಳ್ಳೆಯದು ಎಂಬುದು ಅನುಭವಿಗಳ ಲೆಕ್ಕ.

ಕೊಟ್ಟ ಹಣಕ್ಕೆ ಟ್ರ್ಯಾಕ್‌ನಲ್ಲಿ ಎಷ್ಟು ಹೊತ್ತು?

ಬಹುಮಾನದ ಮೊತ್ತ ನೋಡಿ ಹೋಗುವವರು ಹೊಸಬರು. ಹಳಬರು ಕೇಳುವುದೇ ಬೇರೆ. ಅಭ್ಯಾಸಕ್ಕೆ ಎಷ್ಟು ನಿಮಿಷ ಸಿಗ್ತದೆ? ರೇಸ್ ಎಷ್ಟು ಸುತ್ತಿನದ್ದು? ನನ್ನ ವಿಭಾಗದಲ್ಲಿ ಎಷ್ಟು ಜನ ಹೆಸರು ಕೊಟ್ಟಿದ್ದಾರೆ? ಮೂರೇ ಜನ ಇದ್ದರೆ ಕಪ್ ಸುಲಭ, ಆದರೆ ಕಲಿಯುವುದು ಏನೂ ಇಲ್ಲ. ಜನ ಸಾಲದೆ ವಿಭಾಗವನ್ನೇ ರದ್ದು ಮಾಡುವ ಅಥವಾ ದೊಡ್ಡ ಬೈಕ್‌ಗಳ ಜೊತೆ ಸೇರಿಸುವ ಸಂದರ್ಭವೂ ಬರಬಹುದು.

ಸ್ಕ್ರೂಟಿನಿ, ಅಂದರೆ ಬೈಕ್ ತಪಾಸಣೆ, ಕಟ್ಟುನಿಟ್ಟಾಗಿದೆಯೇ ಎಂಬುದನ್ನೂ ನೋಡುತ್ತಾರೆ. ಸ್ಟಾಕ್ ವಿಭಾಗದಲ್ಲಿ ಎಂಜಿನ್ ಬಿಚ್ಚಿ ಕೆಲಸ ಮಾಡಿಸಿ ತಂದ ಬೈಕ್‌ಗೆ ಕಣ್ಣು ಮುಚ್ಚಿ ಬಿಡುವ ಕಡೆ, ನಿಯಮದಂತೆ ಬಂದವನು ಪ್ರತಿ ಸಲ ಸೋಲುತ್ತಾನೆ. ಎರಡು ಸಲ ಹೀಗಾದರೆ ಮೂರನೇ ಸಲ ಅವನು ಅತ್ತ ತಲೆ ಹಾಕುವುದಿಲ್ಲ.

ಅನುಮತಿ ಇರುವ ರೇಸ್, ಇಲ್ಲದ ರೇಸ್

ಇದು ಎಲ್ಲಕ್ಕಿಂತ ಮುಖ್ಯ. ಭಾರತದಲ್ಲಿ ಮೋಟಾರ್ ಸ್ಪೋರ್ಟ್‌ಗೆ ಕೇಂದ್ರ ಸರ್ಕಾರ ಮಾನ್ಯತೆ ಕೊಟ್ಟಿರುವ ಸಂಸ್ಥೆ ಎಫ್‌ಎಂಎಸ್‌ಸಿಐ. ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗಳು ನಡೆಯುವುದು ಇದರ ಅನುಮತಿಯಲ್ಲೇ. ಓಡಿಸುವವನಿಗೂ ಇದರ ಸ್ಪರ್ಧಾ ಲೈಸೆನ್ಸ್ ಬೇಕು. ರಸ್ತೆಯ ಡಿಎಲ್ ಇಲ್ಲಿ ಸಾಕಾಗುವುದಿಲ್ಲ. 18 ತುಂಬದವರಿಗೆ ಹೆತ್ತವರ ಒಪ್ಪಿಗೆ ಬೇಕೇ ಬೇಕು.

ಇನ್ನೊಂದು ಕಡೆ, ಕೊಯ್ಲು ಮುಗಿದ ಗದ್ದೆಯಲ್ಲೋ ಮೈದಾನದಲ್ಲೋ ಟ್ರ್ಯಾಕ್ ಮಾಡಿ, ಫ್ಲೆಕ್ಸ್ ಹಾಕಿ, ಭಾನುವಾರ ಒಂದೇ ದಿನದಲ್ಲಿ ಮುಗಿಸುವ ಸ್ಪರ್ಧೆಗಳು. ಮನೆ ಹತ್ತಿರ, ಶುಲ್ಕ ಕಡಿಮೆ, ರಜೆ ಬೇಡ, ನೋಡಲು ಊರಿನವರೇ ಬರುತ್ತಾರೆ. ಹುಡುಗರು ಯಾಕೆ ಹೋಗುತ್ತಾರೆ ಎಂದು ಕೇಳುವುದೇ ಬೇಡ. ಅನುಮತಿ ಪಡೆದು, ಬೇಲಿ, ಆಂಬುಲೆನ್ಸ್ ಎಲ್ಲ ಇಟ್ಟು ನಡೆಸುವವರೂ ಇದ್ದಾರೆ. ಆದರೆ ಅನುಮತಿ ಇಲ್ಲದ ಸ್ಪರ್ಧೆಯಲ್ಲಿ ಓಡಿಸಿದರೆ ಲೈಸೆನ್ಸ್ ಇದ್ದವರ ಮೇಲೆ ಎಫ್‌ಎಂಎಸ್‌ಸಿಐ ಕ್ರಮ ಕೈಗೊಳ್ಳಬಹುದು. ಮುಂದೆ ರಾಷ್ಟ್ರೀಯ ಮಟ್ಟಕ್ಕೆ ಹೋಗಬೇಕು ಎಂದಿರುವವರು ಇದನ್ನು ಮರೆಯಬಾರದು.

ಅನುಮತಿ ಇದ್ದ ಮಾತ್ರಕ್ಕೆ ಅಪಾಯ ಇಲ್ಲ ಎಂದೂ ಅಲ್ಲ. 2023ರ ಆಗಸ್ಟ್ 5ರಂದು ಚೆನ್ನೈ ಟ್ರ್ಯಾಕ್‌ನಲ್ಲಿ, ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಸುತ್ತಿನಲ್ಲೇ, ಬೆಂಗಳೂರಿನ 13 ವರ್ಷದ ಬಾಲಕ ಬಿದ್ದು ಮೃತಪಟ್ಟ. ಉಳಿದ ಸ್ಪರ್ಧೆಗಳನ್ನು ರದ್ದು ಮಾಡಲಾಯಿತು. ಆಂಬುಲೆನ್ಸ್, ವೈದ್ಯರು, ಮಾರ್ಷಲ್‌ಗಳು ಇರುವಲ್ಲೇ ಹೀಗಾಗಬಹುದು ಎಂದಾದರೆ, ಅವು ಯಾವುದೂ ಇಲ್ಲದ ಗದ್ದೆಯಲ್ಲಿ ಏನಾದೀತು ಎಂದು ಮನೆಯವರು ಯೋಚಿಸಲೇಬೇಕು.

ಇನ್ಶೂರೆನ್ಸ್ ಇದೆಯಲ್ಲ, ಎನ್ನಬೇಡಿ

ನಿಮ್ಮ ಬೈಕಿನ ಇನ್ಶೂರೆನ್ಸ್ ಪಾಲಿಸಿ ತೆಗೆದು ಓದಿ. ರೇಸ್, ವೇಗ ಪರೀಕ್ಷೆಗೆ ಬಳಸಿದರೆ ಪರಿಹಾರ ಇಲ್ಲ ಎಂದು ಅದರಲ್ಲೇ ಬರೆದಿರುತ್ತದೆ. ಆರೋಗ್ಯ ವಿಮೆಯಲ್ಲೂ ಮೋಟಾರ್ ರೇಸ್‌ನಂಥ ಸಾಹಸ ಕ್ರೀಡೆಗಳನ್ನು ವೃತ್ತಿಪರವಾಗಿ ಆಡುವವರಿಗೆ ಪರಿಹಾರ ಕೊಡದ ಷರತ್ತು ಸಾಮಾನ್ಯ. ಹವ್ಯಾಸಿಗೆ ಅದು ಅನ್ವಯಿಸುತ್ತದೆಯೇ ಎಂದು ಏಜೆಂಟರ ಬಾಯಿಮಾತಲ್ಲ, ಕಂಪನಿಯಿಂದ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ. ಸ್ಪರ್ಧೆಯ ಸಂಘಟಕರು ಸವಾರರಿಗೆ ಯಾವ ವಿಮೆ ಮಾಡಿಸಿದ್ದಾರೆ, ಆಸ್ಪತ್ರೆ ಖರ್ಚು ಎಷ್ಟರ ತನಕ ಎಂಬುದನ್ನೂ ಹೆಸರು ಕೊಡುವ ಮೊದಲೇ ಕೇಳಬೇಕು.

ಬೈಪಾಸ್‌ನಲ್ಲಿ, ಬೀಚ್ ರಸ್ತೆಯಲ್ಲಿ ಪಂದ್ಯ ಕಟ್ಟಿ ಓಡಿಸುವುದು ಅಪರಾಧ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್‌ನಂತೆ ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು ಅಥವಾ 5,000 ರೂ.ವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, 10,000 ರೂ.ವರೆಗೆ ದಂಡ ಆಗಬಹುದು.

ಹೆಸರು ಕೊಡುವ ಮೊದಲು ಇಷ್ಟು ಕೇಳಿ

• ಎಫ್‌ಎಂಎಸ್‌ಸಿಐ ಅನುಮತಿ ಸಂಖ್ಯೆ ಏನು? ಆ ಸ್ಪರ್ಧೆ ಸಂಸ್ಥೆಯ ಕ್ಯಾಲೆಂಡರ್‌ನಲ್ಲಿ ಉಂಟಾ?
• ಸ್ಪರ್ಧೆಯ ನಿಯಮಾವಳಿ ಬರಹದಲ್ಲಿ ಸಿಗ್ತದಾ? ಶುಲ್ಕ, ವಿಭಾಗ, ಕೊನೆಯ ದಿನಾಂಕ, ಅಧಿಕಾರಿಗಳ ಹೆಸರು ಅದರಲ್ಲಿ ಇರಬೇಕು.
• ಟ್ರ್ಯಾಕ್ ಬಳಿ ಎಷ್ಟು ಆಂಬುಲೆನ್ಸ್, ವೈದ್ಯರು ಯಾರು, ಹತ್ತಿರದ ದೊಡ್ಡ ಆಸ್ಪತ್ರೆ ಎಷ್ಟು ದೂರ?
• ಪ್ರೇಕ್ಷಕರು ಟ್ರ್ಯಾಕ್‌ಗೆ ನುಗ್ಗದಂತೆ ಬೇಲಿ ಇದೆಯಾ?
• ಮಳೆ ಬಂದರೆ, ಮುಂದೂಡಿದರೆ ಶುಲ್ಕ ವಾಪಸ್ ಉಂಟಾ?
• ಯಾವ ಗುಣಮಟ್ಟದ ಹೆಲ್ಮೆಟ್, ಸೂಟ್, ಬೂಟು, ಗ್ಲೌಸ್, ಬೆನ್ನಿನ ರಕ್ಷಾಕವಚ ಬೇಕು? ಬಾಡಿಗೆಗೆ ಸಿಗ್ತದಾ?

ಕೈಯಲ್ಲಿರುವ ಹಣ ಒಂದೇ ರೇಸ್‌ಗೆ ಸಾಲುವಷ್ಟಿದ್ದರೆ, ಅದನ್ನು ಮೊದಲು ತರಬೇತಿಗೆ ಹಾಕಿ. ಡಕಾರ್ ಮುಗಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಕಟ್ಟಿದ ಬಿಗ್ ರಾಕ್ ಡರ್ಟ್ ಪಾರ್ಕ್‌ನಲ್ಲಿ ಮಣ್ಣಿನ ಸವಾರಿ ಹೇಳಿಕೊಡುತ್ತಾರೆ. ಚೆನ್ನೈ ಟ್ರ್ಯಾಕ್‌ನಲ್ಲೂ ತರಬೇತಿ ಶಿಬಿರ, ಟ್ರ್ಯಾಕ್ ಡೇಗಳು ನಡೆಯುತ್ತವೆ. ಒಮ್ಮೆ ಹೋಗಿ ಬಂದರೆ ಟ್ರ್ಯಾಕ್ ಗೊತ್ತಾಗುತ್ತದೆ, ಸಂಘಟಕರು ಎಂಥವರು ಎಂದು ಗೊತ್ತಾಗುತ್ತದೆ, ನಮ್ಮಲ್ಲಿ ಎಷ್ಟು ದಮ್ ಉಂಟು ಅಂತಲೂ ಗೊತ್ತಾಗುತ್ತದೆ. ರೇಸ್ ಮುಂದಿನ ವರ್ಷವೂ ಬರ್ತದೆ ಮಾರಾಯ್ರೆ. ಕ್ಯಾಲೆಂಡರ್ ನೋಡಿ, ಮನೆಯಲ್ಲಿ ಹೇಳಿ, ಆಮೇಲೆ ಹೊರಡಿ.