ಮನೆಯಲ್ಲೇ ಜೋಡಿಸಿದ ಡಿಎಸಿ: ಕೆಪಾಸಿಟರ್ ಬದಲಿಸುವ ಮುನ್ನ

ಸಿಡಿ, ಕಂಪ್ಯೂಟರ್ ಅಥವಾ ಮೊಬೈಲ್‌ನಲ್ಲಿರುವ ಹಾಡು ಅಂಕಿಗಳ ರೂಪದಲ್ಲಿರುತ್ತದೆ. ಸಿಡಿಯಲ್ಲಿ ಸೆಕೆಂಡಿಗೆ 44,100 ಸಲ, ಪ್ರತಿ ಸಲವೂ 16 ಬಿಟ್‌ನ ಅಂಕಿಯಾಗಿ ಧ್ವನಿ ದಾಖಲಾಗಿರುತ್ತದೆ. ಈ ಅಂಕಿಗಳನ್ನು ಆಂಪ್ಲಿಫೈಯರ್‌ಗೆ ಬೇಕಾದ ವಿದ್ಯುತ್ ಅಲೆಯಾಗಿ ಮಾರ್ಪಡಿಸುವ ಸಾಧನವೇ ಡಿಜಿಟಲ್-ಟು-ಅನಲಾಗ್ ಕನ್ವರ್ಟರ್, ಅಂದರೆ ಡಿಎಸಿ.

ಬಿಡಿಭಾಗ ತಂದು ಡಿಎಸಿ ಜೋಡಿಸುವ ಹವ್ಯಾಸಿಗಳು ಸುಧಾರಣೆಗೆಂದು ಮೊದಲು ಕೈಹಾಕುವುದು ಕೆಪಾಸಿಟರ್‌ಗೆ. ದುಬಾರಿ ಕೆಪಾಸಿಟರ್ ಹಾಕಿದರೆ ಧ್ವನಿ ತಾನಾಗಿ ಚೆನ್ನಾಗುತ್ತದೆ ಎಂಬ ನಂಬಿಕೆ ಇದೆ. ಇದು ಪೂರ್ತಿ ನಿಜವಲ್ಲ. ಯಾವ ಜಾಗದ ಕೆಪಾಸಿಟರ್ ಏನು ಕೆಲಸ ಮಾಡುತ್ತದೆ ಎಂದು ತಿಳಿಯದೆ ಬದಲಿಸಿದರೆ ಹಣವೂ ಹೋಗಿ ಬೋರ್ಡೂ ಕೆಡಬಹುದು.

ನಾಲ್ಕು ಜಾಗ, ನಾಲ್ಕು ಕೆಲಸ

ಮೊದಲನೆಯದು ರೆಕ್ಟಿಫೈಯರ್ ಬಳಿಯ ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ನಮ್ಮ ದೇಶದ ಕರೆಂಟು 50 ಹರ್ಟ್ಸ್‌ನದು. ಬ್ರಿಜ್ ರೆಕ್ಟಿಫೈಯರ್ ದಾಟಿದಾಗ ಅದರ ಏರಿಳಿತ 100 ಹರ್ಟ್ಸ್ ಆಗುತ್ತದೆ. ಸ್ಪೀಕರಿನ 'ಹಮ್' ಶಬ್ದಕ್ಕೆ ಹಲವು ಸಲ ಇದೇ ಕಾರಣ. 100 ಮಿಲಿಆಂಪ್ ಎಳೆಯುವ ಬೋರ್ಡಿಗೆ 2200 ಮೈಕ್ರೋಫ್ಯಾರಡ್ ಇದ್ದರೆ ಏರಿಳಿತ ಸುಮಾರು 0.45 ವೋಲ್ಟ್, 4700 ಹಾಕಿದರೆ ಸುಮಾರು 0.2 ವೋಲ್ಟ್. ಉಳಿದದ್ದನ್ನು ರೆಗ್ಯುಲೇಟರ್ ತಗ್ಗಿಸುತ್ತದೆ. ಆದ್ದರಿಂದ ಇನ್ನೂ ದೊಡ್ಡದು ಹಾಕಿ ಹೆಚ್ಚಿನ ಲಾಭವಿಲ್ಲ.

ಎರಡನೆಯದು ರೆಗ್ಯುಲೇಟರ್‌ನ ಔಟ್‌ಪುಟ್ ಕೆಪಾಸಿಟರ್. ಇಲ್ಲಿ ಇಎಸ್‌ಆರ್, ಅಂದರೆ ಕೆಪಾಸಿಟರ್‌ನ ಒಳಪ್ರತಿರೋಧ ಮುಖ್ಯ. ಕಡಿಮೆ ಇಎಸ್‌ಆರ್ ಯಾವಾಗಲೂ ಒಳ್ಳೆಯದಲ್ಲ. ಎಲ್‌ಎಂ1117ರಂಥ ರೆಗ್ಯುಲೇಟರ್‌ಗೆ ಸ್ವಲ್ಪ ಇಎಸ್‌ಆರ್ ಬೇಕೇ ಬೇಕು. ಇಲ್ಲದಿದ್ದರೆ ಅದು ಆಂದೋಲನಕ್ಕೆ ಬೀಳಬಹುದು.

ಮೂರನೆಯದು ಚಿಪ್ಪಿನ ಕಾಲಿಗೆ ಅಂಟಿದಂತಿರುವ 0.1 ಮೈಕ್ರೋಫ್ಯಾರಡ್ ಸೆರಾಮಿಕ್. ಇದರ ಶಕ್ತಿ ಇರುವುದೇ ಚಿಪ್ಪಿಗೆ ಹತ್ತಿರವಿರುವುದರಲ್ಲಿ. ಇದನ್ನು ಕಿತ್ತು ಉದ್ದ ಕಾಲಿನ ದುಬಾರಿ ಫಿಲ್ಮ್ ಕೆಪಾಸಿಟರ್ ಹಾಕಿದರೆ ನಷ್ಟವೇ ಹೆಚ್ಚು.

ನಾಲ್ಕನೆಯದು ಔಟ್‌ಪುಟ್ ಕಪ್ಲಿಂಗ್ ಕೆಪಾಸಿಟರ್. ಹವ್ಯಾಸಿಗಳಿಗೆ ಪ್ರಿಯವಾದ ಫಿಲಿಪ್ಸ್ ಕಂಪನಿಯ ಹಳೆಯ ಟಿಡಿಎ1543 ಚಿಪ್ಪಿನ ಸರ್ಕ್ಯೂಟ್‌ಗಳಲ್ಲಿ ಔಟ್‌ಪುಟ್‌ನ ಡಿಸಿ ತಡೆಯಲು ಇದು ಬೇಕು. ಇಲ್ಲಿ ಬದಲಾವಣೆಗೆ ಅರ್ಥವಿದೆ. ಆಂಪ್ಲಿಫೈಯರ್‌ನ ಇನ್‌ಪುಟ್ 10 ಕಿಲೋಓಮ್ ಇದ್ದರೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸುಮಾರು 16 ಹರ್ಟ್ಸ್‌ನಿಂದ ಕೆಳಗೆ ಧ್ವನಿ ತಗ್ಗಿಸುತ್ತದೆ, 2.2 ಹಾಕಿದರೆ ಆ ಮಿತಿ ಸುಮಾರು 7 ಹರ್ಟ್ಸ್. ಈ ಜಾಗಕ್ಕೆ ಪಾಲಿಪ್ರೊಪಿಲೀನ್ ಫಿಲ್ಮ್ ಉತ್ತಮ. ಎಕ್ಸ್7ಆರ್ ಸೆರಾಮಿಕ್ ಬೇಡ. ವೋಲ್ಟೇಜ್ ಬದಲಾದಂತೆ ಅದರ ಬೆಲೆ ಬದಲಾಗಿ ಧ್ವನಿ ವಿಕಾರವಾಗುತ್ತದೆ.

ಪಿಸಿಎಂ5102ಎ ಚಿಪ್ಪಿನ ಬೋರ್ಡಿಗೆ ಕಪ್ಲಿಂಗ್ ಕೆಪಾಸಿಟರ್ ಬೇಕಿಲ್ಲ. ಅದು ಋಣ ವೋಲ್ಟೇಜನ್ನು ತಾನೇ ತಯಾರಿಸಿಕೊಳ್ಳುತ್ತದೆ. ಅದಕ್ಕಾಗಿ ಇರುವ 2.2 ಮೈಕ್ರೋಫ್ಯಾರಡ್ ಸೆರಾಮಿಕ್‌ಗಳನ್ನು ಮುಟ್ಟಬಾರದು.

ವೋಲ್ಟೇಜ್ ಏರಿಳಿತದ ಊರುಗಳಲ್ಲಿ

9 ವೋಲ್ಟ್ ಟ್ರಾನ್ಸ್‌ಫಾರ್ಮರ್‌ನಿಂದ ರೆಕ್ಟಿಫೈಯರ್ ನಂತರ ಸುಮಾರು 11 ವೋಲ್ಟ್ ಡಿಸಿ ಬರುತ್ತದೆ. ಮನೆಯ ಕರೆಂಟು 230ರಿಂದ 260 ವೋಲ್ಟಿಗೆ ಏರಿದರೆ ಇದು 13ಕ್ಕೆ ಏರುತ್ತದೆ. ಲೋಡ್ ಕಡಿಮೆಯಿದ್ದರೆ ಚಿಕ್ಕ ಟ್ರಾನ್ಸ್‌ಫಾರ್ಮರ್ ಇನ್ನೂ ಹೆಚ್ಚು ಕೊಡುತ್ತದೆ. ಹಾಗಾಗಿ 16 ವೋಲ್ಟಿನದರ ಬದಲು 25 ವೋಲ್ಟಿನ ಕೆಪಾಸಿಟರ್ ಹಾಕುವುದು ಕ್ಷೇಮ.

ಯುಎಸ್‌ಬಿಯಿಂದ ನಡೆಯುವ ಡಿಎಸಿಗೆ ಬೇರೆ ನಿಯಮ. ಯುಎಸ್‌ಬಿ 2.0 ಪ್ರಕಾರ 5 ವೋಲ್ಟ್ ತಂತಿಯ ಮೇಲೆ ನೇರವಾಗಿ 10 ಮೈಕ್ರೋಫ್ಯಾರಡ್‌ಗಿಂತ ಹೆಚ್ಚು ಇರಬಾರದು. ಅಲ್ಲಿ 1000 ಹಾಕಿದರೆ ಚುಚ್ಚಿದ ಕೂಡಲೇ ಕರೆಂಟು ನುಗ್ಗಿ ಕಂಪ್ಯೂಟರ್ ಆ ಪೋರ್ಟನ್ನು ಬಂದ್ ಮಾಡಬಹುದು.

ಬಾಳಿಕೆ ಮತ್ತು ಖರೀದಿ

ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಳಗಿನ ದ್ರವ ಕಾಲಕ್ರಮೇಣ ಒಣಗುತ್ತದೆ. ಉಷ್ಣತೆ 10 ಡಿಗ್ರಿ ಇಳಿದರೆ ಬಾಳಿಕೆ ಇಮ್ಮಡಿ ಎಂಬುದು ಸಾಮಾನ್ಯ ಲೆಕ್ಕ. 105 ಡಿಗ್ರಿಯಲ್ಲಿ 2000 ಗಂಟೆ ಎಂದು ನಮೂದಾದದ್ದು 65 ಡಿಗ್ರಿಯಲ್ಲಿ ಸುಮಾರು 32,000 ಗಂಟೆ ಬಾಳುತ್ತದೆ. ತಲೆ ಉಬ್ಬಿದ್ದರೆ ಅಥವಾ ಬುಡದಲ್ಲಿ ದ್ರವ ಸೋರಿದ್ದರೆ ಬದಲಿಸಲೇಬೇಕು.

ಹೊಸೂರು, ತಾಳವಾಡಿ, ಮಡಕಶಿರಾ ಕಡೆಯವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆ, ಸೊಲ್ಲಾಪುರ, ಅಕ್ಕಲಕೋಟೆಯವರಿಗೆ ಮುಂಬೈನ ಲ್ಯಾಮಿಂಗ್ಟನ್ ರಸ್ತೆ ಬಿಡಿಭಾಗಗಳ ಪ್ರಮುಖ ಮಾರುಕಟ್ಟೆಗಳು. ಹೆಸರಾಂತ ಜಪಾನಿ ಬ್ರಾಂಡ್‌ಗಳ ನಕಲಿಗಳೂ ಪೇಟೆಯಲ್ಲಿ ಓಡಾಡುತ್ತವೆ. ತೀರಾ ಅಗ್ಗದ ಬೆಲೆ ಕಂಡರೆ ಅನುಮಾನಿಸಬೇಕು.

ಬದಲಿಸುವ ಕ್ರಮ

* ಪ್ಲಗ್ ಕಿತ್ತು, 1 ಕಿಲೋಓಮ್ ರೆಸಿಸ್ಟರ್ ಮೂಲಕ ದೊಡ್ಡ ಕೆಪಾಸಿಟರ್ ಖಾಲಿ ಮಾಡಬೇಕು. ಮಲ್ಟಿಮೀಟರಿನಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಬೇಕು.
* ಬಿಚ್ಚುವ ಮೊದಲು ಬೋರ್ಡಿನ ಫೋಟೋ ತೆಗೆದಿಡಬೇಕು.
* ಹಳೆಯ ಬೆಸುಗೆಗೆ ಸ್ವಲ್ಪ ಹೊಸ ಸೀಸ ಸೇರಿಸಿದರೆ ಅದು ಬೇಗ ಕರಗುತ್ತದೆ. ತಾಮ್ರದ ಪಟ್ಟಿ ಏಳುವುದಿಲ್ಲ.
* ಅಲ್ಯೂಮಿನಿಯಂ ಎಲೆಕ್ಟ್ರೋಲಿಟಿಕ್‌ನ ಪಟ್ಟೆ ಮೈನಸ್ ಗುರುತು. ಚಿಪ್ ರೂಪದ ಟ್ಯಾಂಟಲಮ್‌ನಲ್ಲಿ ಪಟ್ಟೆ ಪ್ಲಸ್ ಗುರುತು. ಅದಲುಬದಲಾದರೆ ಸಿಡಿಯಬಹುದು.
* ಆಂಪ್ಲಿಫೈಯರ್ ಜೋಡಿಸದೆ ಮೊದಲು ಚಾಲು ಮಾಡಿ ಔಟ್‌ಪುಟ್‌ನ ಡಿಸಿ ಅಳೆಯಬೇಕು. ಅದು ಸೊನ್ನೆಗೆ ಹತ್ತಿರ ಬಂದ ಮೇಲೆಯೇ ಜೋಡಿಸಬೇಕು.

ವ್ಯತ್ಯಾಸ ನಿಜವೇ?

ಖರ್ಚು ಮಾಡಿದವರ ಕಿವಿಗೆ ಧ್ವನಿ ಚೆನ್ನಾಗಿಯೇ ಕೇಳುತ್ತದೆ. ಪರೀಕ್ಷೆಗೆ ಸುಲಭ ದಾರಿ ಇದೆ. ಒಂದೇ ಚಾನೆಲ್‌ನ ಕೆಪಾಸಿಟರ್ ಬದಲಿಸಿ, ಹಳೆಯ ಮೋನೋ ಹಾಡು ಹಾಕಿ, ಎರಡೂ ಚಾನೆಲನ್ನು ಸರದಿಯಂತೆ ಅದೇ ಸ್ಪೀಕರಿನಲ್ಲಿ ಅಷ್ಟೇ ವಾಲ್ಯೂಮಿನಲ್ಲಿ ಕೇಳಬೇಕು. ಯಾವುದು ಯಾವುದೆಂದು ಕೇಳುವವರಿಗೆ ತಿಳಿದಿರಬಾರದು. ಹತ್ತಾರು ಸಲವೂ ಗುರುತಿಸಲಾಗದಿದ್ದರೆ ಇನ್ನೊಂದು ಚಾನೆಲ್‌ಗೆ ಹಣ ಸುರಿಯುವ ಅಗತ್ಯವಿಲ್ಲ. ಕೆಟ್ಟದ್ದನ್ನು ಬದಲಿಸುವುದೇ ನಿಜವಾದ ಸುಧಾರಣೆ. ಚೆನ್ನಾಗಿರುವುದನ್ನು ಬಿಟ್ಟರೆ ಬೋರ್ಡೂ ಉಳಿಯುತ್ತದೆ, ಕಾಸೂ ಉಳಿಯುತ್ತದೆ.